ಕಂಬಳಿಯ ಜತೆ ದಾರಿಯನ್ನೂ ತೋರಿಸೋಣ

ಕೊಂಡಾಪುರದ ಅಪಾರ್ಟ್‌ಮೆಂಟ್‌ಗಳಲ್ಲಿರುವ ನಮ್ಮಂಥ ಕನ್ನಡಿಗರಿಗೆ ದಾನವೆಂದರೆ ಚಳಿಗಾಲದ ಕಂಬಳಿ, ಹಬ್ಬದ ದಿನದ ಊಟದ ಪೊಟ್ಟಣ. ಒಳ್ಳೆಯದೇ. ಆದರೆ ಅದನ್ನು ಪಡೆದವರು ಮರುರಾತ್ರಿಯೂ ಫುಟ್‌ಪಾತಿನಲ್ಲೇ ಮಲಗುತ್ತಾರೆ.

ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನದ 24 ಗಂಟೆಯೂ ವರ್ಷವಿಡೀ ತೆರೆದಿರುವ ವಸತಿ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹೈದರಾಬಾದ್‌ನಲ್ಲಿ ಪಾಲಿಕೆಯ ತಂಗುದಾಣಗಳನ್ನು ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತಿವೆ. ಯಾದಗಿರಿ, ರಾಯಚೂರು ಕಡೆಯಿಂದ ಕೂಲಿಗೆ ಬಂದು ಬೀದಿಪಾಲಾದವರಿಗೆ ಅವು ಎಲ್ಲಿವೆಯೆಂದು ಅವರದೇ ಮಾತಿನಲ್ಲಿ ಹೇಳುವವರು ಬೇಕು. ಆ ಮಾತು ನಮಗೆ ಗೊತ್ತಿದೆ.

ಕಂಬಳಿ ಕೊಟ್ಟ ಕೈಯೇ ತಂಗುದಾಣದ ಬಾಗಿಲವರೆಗೂ ಕರೆದೊಯ್ಯಲಿ. ಅಲ್ಲಿ ಜಾಗ ಸಾಲದಿದ್ದರೆ ಪಾಲಿಕೆಯನ್ನು ಕೇಳುವ ದನಿಯೂ ನಮ್ಮದಾಗಲಿ.