ಕೆರೆ ನೋಡುವ ಮನೆ, ಕೆರೆ ಕಾಯುವ ಮನೆ



ಹಲಸೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಕೃಷ್ಣರಾಜಪುರ ದಾಟಿ ಹೋದರೆ ಅಪಾರ್ಟ್‌ಮೆಂಟ್‌ಗಳ ಜಾಹೀರಾತು ಫಲಕಗಳು ಸಾಲಾಗಿ ಕಾಣುತ್ತವೆ. ಅವುಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ: ಒಂದು ‘ಲೇಕ್ ವ್ಯೂ’, ಇನ್ನೊಂದು ‘ಪರಿಸರಸ್ನೇಹಿ’. ಕೆರೆ ಕಾಣುವ ಮನೆಗೆ ಬೆಲೆಯೂ ಹೆಚ್ಚು. ಮಕ್ಕಳ ನೌಕರಿಯ ನಿಮಿತ್ತ ಉತ್ತರ ಕರ್ನಾಟಕದಿಂದಲೂ ಮಧ್ಯ ಕರ್ನಾಟಕದಿಂದಲೂ ಬಂದ ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಈ ಭಾಗದಲ್ಲಿ ನೆಲೆಸಿವೆ. ಗುರುಪ್ರವೇಶಕ್ಕೆ ಕರೆದವರು ಮೊದಲು ಬಾಲ್ಕನಿಗೆ ಕರೆದುಕೊಂಡು ಹೋಗಿ ಕೆರೆ ತೋರಿಸುತ್ತಾರೆ. ಸಂತೋಷದ ಸಂಗತಿಯೇ. ಆದರೆ ಸರಕಾರದ ಸೇವೆಯಲ್ಲಿ ಇಂಜಿನಿಯರನಾಗಿ ದುಡಿದು ನಿವೃತ್ತನಾದ ನನಗೆ ಅಲ್ಲಿ ಒಂದೇ ಪ್ರಶ್ನೆ ಕೇಳಬೇಕೆನಿಸುತ್ತದೆ: ಈ ಕಟ್ಟಡದ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಕೆರೆಯ ದಂಡೆಯ ಬಡಾವಣೆ ಪರಿಸರಸ್ನೇಹಿಯೇ ಅಲ್ಲವೇ ಎಂಬುದನ್ನು ತೀರ್ಮಾನಿಸುವುದು ಆ ಪ್ರಶ್ನೆಯ ಉತ್ತರ. ಗೇಟಿನ ಬಳಿಯ ಹುಲ್ಲುಹಾಸು, ಚಾವಣಿಯ ಸೋಲಾರ್ ಫಲಕ ಇವೆಲ್ಲ ಆಮೇಲಿನ ಮಾತು.

ಬೆಂಗಳೂರಿಗೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಊರು ನಿಂತಿರುವುದು ದಿಣ್ಣೆಯ ಮೇಲೆ. ಬಿದ್ದ ಮಳೆ ಪಶ್ಚಿಮಕ್ಕೆ ಇಳಿದರೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ; ಪೂರ್ವಕ್ಕೆ ಇಳಿದರೆ ದಕ್ಷಿಣ ಪಿನಾಕಿನಿಗೆ. ಹೀಗೆ ಇಳಿಯುವ ನೀರನ್ನು ಹಿರಿಯರು ಹಂತಹಂತವಾಗಿ ಕಟ್ಟೆ ಹಾಕಿ ನಿಲ್ಲಿಸಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆ ಸೇರುತ್ತಿತ್ತು. ಹಲಸೂರು ಕೆರೆಯ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಹೆಬ್ಬಾಳದ ಕಣಿವೆಯ ನೀರು ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕ ಅದೇ ನದಿಗೆ. ಮೇಲಿನ ಕೆರೆಯವರು ಮಾಡಿದ್ದನ್ನು ಕೆಳಗಿನ ಕೆರೆಯವರು ಉಣ್ಣಬೇಕು. ಬಾಲ್ಕನಿಯಿಂದ ನೋಡುವವರಿಗೆ ಕಾಣುವುದು ಒಂದೇ ಕೆರೆ. ಈ ಸಾಲು ಕಾಣುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಮ್ಮ ದೇಶದ ಇಂಜಿನಿಯರಿಂಗ್ ಮಾನದಂಡ. ಅದರಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂದು ಹಿಡಿಯುತ್ತೇವೆ. ಐನೂರು ಮನೆಗಳ ಒಂದು ಸಮುಚ್ಚಯದಲ್ಲಿ 2,000 ಜನ ಇದ್ದರೆ ದಿನಕ್ಕೆ 2,16,000 ಲೀಟರ್ ಕೊಳಚೆ. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಹದಿನೆಂಟು ಟ್ಯಾಂಕರ್. ಇದನ್ನು ಶುದ್ಧೀಕರಿಸಲೆಂದೇ ನೆಲಮಾಳಿಗೆಯಲ್ಲಿ ಘಟಕ ಇರುತ್ತದೆ. ಅಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಅವಕ್ಕೆ ಬ್ಲೋವರ್ ಮೂಲಕ ಹಗಲೂ ರಾತ್ರಿ ಗಾಳಿ ಊದುತ್ತಿರಬೇಕು. ವಿದ್ಯುತ್ ಬಿಲ್ಲು ಉಳಿಸಲು ರಾತ್ರಿಯೆಲ್ಲ ಬ್ಲೋವರ್ ನಿಲ್ಲಿಸಿದರೆ ಜೀವಿಗಳು ಸಾಯುತ್ತವೆ, ಘಟಕ ಕೊಳಚೆಯ ತೊಟ್ಟಿಯಾಗುತ್ತದೆ. ಆಗ ಆ ನೀರು ಬೈಪಾಸ್ ಕೊಳವೆಯಲ್ಲಿ ರಾಜಕಾಲುವೆಗೆ, ಅಲ್ಲಿಂದ ಬಾಲ್ಕನಿಯೆದುರಿನ ಕೆರೆಗೆ ಸೇರುತ್ತದೆ.

ಇದರ ಫಲವನ್ನು ನಾವು ಕಣ್ಣಾರೆ ಕಂಡಿದ್ದೇವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಇಳಿದರೆ ಮೀನಿಗೆ ಉಸಿರಿಲ್ಲ. ಅದೇ ಸಾಲಿನ ಬೆಳ್ಳಂದೂರು ಕೆರೆಯ ಸೋಪಿನ ನೊರೆ ರಸ್ತೆಗೆ ಹಾರಿತು. 2018ರ ಜನವರಿಯಲ್ಲಿ ಕೆರೆಗೆ ಹತ್ತಿದ ಬೆಂಕಿ ಆರಿಸಲು ಸೈನಿಕರು ಬರಬೇಕಾಯಿತು. ನೀರಿಗೆ ಬೆಂಕಿ ಬೀಳುವುದೆಂದರೆ ನಮ್ಮ ಅಜ್ಜಂದಿರು ಕಟ್ಟುಕತೆ ಎನ್ನುತ್ತಿದ್ದರು.

ಇನ್ನು ಮಳೆಯ ನೀರು. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ ಭಾಗದ ರಸ್ತೆಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಿದವು. ಒಂದೂವರೆ ವರ್ಷದೊಳಗೆ, 2024ರ ಬೇಸಿಗೆಗೆ, ಇದೇ ಭಾಗದ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾದು ಕುಳಿತರು. ಎರಡೂ ಒಂದೇ ರೋಗದ ಲಕ್ಷಣಗಳು: ನೀರು ನಿಲ್ಲಬೇಕಾದ ಕಡೆ, ಇಂಗಬೇಕಾದ ಕಡೆ ನಾವು ಕಾಂಕ್ರೀಟು ಹಾಕಿದ್ದೇವೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. 30×40 ನಿವೇಶನದ ಮೇಲೆ ಬೀಳುವ ನೀರೇ ಒಂದು ಲಕ್ಷ ಲೀಟರಿಗೂ ಮೇಲೆ. ನಾಲ್ಕು ಜನರ ಸಂಸಾರದ ವರ್ಷದ ಬಳಕೆಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಅಷ್ಟನ್ನೂ ಹಿಡಿದಿಡಲು ಸಾಧ್ಯವಿಲ್ಲ, ನಿಜ. ಇಂಗುಗುಂಡಿಗೆ ಬಿಡಲು ಯಾವ ಅಡ್ಡಿಯೂ ಇಲ್ಲ. 2009ರಿಂದ ಮಳೆನೀರು ಕೊಯ್ಲಿಗೆ ಕಾನೂನೂ ಇದೆ. ನಾವು ಮಾತ್ರ ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಕಾವೇರಿಯನ್ನು ಎತ್ತಿ ತಂದು, ತಲೆಯ ಮೇಲೆ ಬಿದ್ದ ನೀರನ್ನು ಚರಂಡಿಗೆ ಬಿಡುತ್ತೇವೆ.

‘ಇದೆಲ್ಲ ಸರಕಾರದ ಕೆಲಸ, ನಮ್ಮದೇನು?’ ಎನ್ನುವವರಿದ್ದಾರೆ. ಒಳಚರಂಡಿ ಹಾಕುವುದು, ರಾಜಕಾಲುವೆಯ ಒತ್ತುವರಿ ತೆರವುಗೊಳಿಸುವುದು ಸರಕಾರದ ಕೆಲಸವೇ. ಅದನ್ನು ಬಿಡದೆ ಕೇಳಬೇಕು. ತೆರವು ಮಾಡುವಾಗ ಬಡವರ ಗುಡಿಸಲಿಗೆ ಮೊದಲು ಕೈಹಾಕಿ ದೊಡ್ಡವರ ಕಾಂಪೌಂಡಿನ ಮುಂದೆ ಜೆಸಿಬಿ ನಿಲ್ಲಬಾರದು ಎಂದೂ ಕೇಳಬೇಕು. ಆದರೆ ನೆಲಮಾಳಿಗೆಯ ಘಟಕದ ಬೀಗದ ಕೈ ಇರುವುದು ನಮ್ಮದೇ ಮಾಲೀಕರ ಸಂಘದ ಹತ್ತಿರ. ನಿರ್ವಹಣಾ ಶುಲ್ಕ ಕಡಿಮೆ ಮಾಡಿ ಎಂದು ವಾರ್ಷಿಕ ಸಭೆಯಲ್ಲಿ ಕೈ ಎತ್ತುವವರು ನಾವೇ. ಅಲ್ಲಿ ಸರಕಾರ ಬರುವುದಿಲ್ಲ.

ಇನ್ನೊಂದು ಅಪಾಯ ‘ಅಭಿವೃದ್ಧಿ’ಯ ಹೆಸರಿನಲ್ಲಿ ಬರುತ್ತದೆ. ಕೆರೆಯ ಸುತ್ತ ಕಲ್ಲಿನ ಗೋಡೆ, ಒಳಗೆ ಒಂದೇ ಆಳಕ್ಕೆ ಹೂಳು ತೆಗೆದು ಬಟ್ಟಲು ಮಾಡುವುದು, ಹೊರಗೆ ವಾಕಿಂಗ್ ಪಥ, ಗೇಟು, ಬೀಗ. ಹಕ್ಕಿಗೆ ಬೇಕಾದ ತೆಳುನೀರಿನ ಅಂಚೂ ಹುಲ್ಲು, ಜೊಂಡು ಬೆಳೆಯುವ ಕೆಸರೂ ಇದರಲ್ಲಿ ಹೋಗುತ್ತವೆ. ಒಳಬರುವ ನೀರನ್ನು ಸೋಸುವುದು ಆ ಜೊಂಡೇ. ಕಳೆದ ದಶಕಗಳಲ್ಲಿ ನಮ್ಮ ಕೃಷ್ಣರಾಜಪುರದ ವೆಂಗಯ್ಯನ ಕೆರೆ ಸೇರಿ ಕೆಲವು ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟದ್ದೂ ಉಂಟು. 2008ರಲ್ಲಿ ಈ ವಿಷಯ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಹೈಕೋರ್ಟಿನ ಮೆಟ್ಟಿಲೇರಿತು. ಟಿಕೆಟ್ ಕೊಟ್ಟು ನೋಡುವ ಕೆರೆಯಲ್ಲಿ ಎಮ್ಮೆ ಮೈ ತೊಳೆಯುವವನಿಗೆ, ಬಲೆ ಬೀಸುವವನಿಗೆ, ಬಟ್ಟೆ ಒಗೆಯುವ ಮಡಿವಾಳರಿಗೆ, ಮೇವು ಕೊಯ್ಯುವ ಹೆಣ್ಣುಮಗಳಿಗೆ ಜಾಗ ಎಲ್ಲಿ? ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ಅನೇಕ ಊರುಗಳಲ್ಲಿ ದಲಿತ ಕುಟುಂಬದವನು. ಕೆರೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅವನನ್ನು ಕೆರೆ ‘ನೋಟ’ವಾದ ದಿನ ಯಾರೂ ಕೇಳಲಿಲ್ಲ.

ಶರಣರ ಕೆರೆಗಳು ನೋಟದ ಕೆರೆಗಳಾಗಿರಲಿಲ್ಲ. ನುಲಿಯ ಚಂದಯ್ಯನವರಿಗೆ ಕೆರೆ ಎಂದರೆ ಹುಲ್ಲು ಕೊಯ್ದು ಹಗ್ಗ ಹೊಸೆಯುವ ಕಾಯಕದ ತಾಣ. ಸೊನ್ನಲಿಗೆಯ ಸಿದ್ಧರಾಮರು ಸಾವಿರಾರು ಜನರನ್ನು ಕೂಡಿಸಿ ಕೆರೆ ಕಟ್ಟಿದರು. ಆ ಕೆಲಸದಲ್ಲಿ ಮುಳುಗಿದ್ದ ಅವರನ್ನು ಅಲ್ಲಮಪ್ರಭುಗಳು ಕೆಣಕಿ ಮಾತನಾಡಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಪ್ರಭುಗಳ ಆಕ್ಷೇಪ ಕೆರೆಯ ಮೇಲಲ್ಲ, ‘ನಾನು ಕಟ್ಟಿದೆ’ ಎಂಬ ಹಮ್ಮಿನ ಮೇಲೆ ಎಂದು ನಾನು ತಿಳಿಯುತ್ತೇನೆ. ಇಂದಿನ ನಾಮಫಲಕದ ಕೆರೆ ಅಭಿವೃದ್ಧಿಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ. ನಮ್ಮ ಸಮೀಪದ ಉದಾಹರಣೆಯೂ ಇದೆ: ವೀಳ್ಯದೆಲೆ ವ್ಯಾಪಾರದಿಂದ ಗಳಿಸಿದ್ದನ್ನು ಮಲ್ಲಪ್ಪ ಶೆಟ್ಟರು ಹಳೆ ಮದ್ರಾಸ್ ರಸ್ತೆಯ ಪಕ್ಕದ ಕೆರೆಗೆ ಸುರಿದರು. ದಾಸೋಹವೆಂದರೆ ಅದು. ಇಂದು ಅವರ ಹೆಸರಿನ ಕೆರೆಯ ಮೇಲೆ ಅಂತರಗಂಗೆ ಹಬ್ಬಿದ್ದರೆ ಆ ಬಳ್ಳಿಗೆ ಗೊಬ್ಬರ ಹಾಕಿದ್ದು ಮೇಲಿನ ಬಡಾವಣೆಗಳ ಕೊಳಚೆ.

ಬೇರೆ ದಾರಿ ಇದೆ. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆ ಸುಮಾರು 48 ಎಕರೆ. 2009ರ ಹೊತ್ತಿಗೆ ಹಾಳುಬಿದ್ದಿದ್ದ ಅದನ್ನು ಪಾಲಿಕೆ ಮತ್ತು ಸುತ್ತಲಿನ ನಿವಾಸಿಗಳು ಕೂಡಿ ಮರಳಿ ಜೀವಂತಗೊಳಿಸಿದರು. ಹಳ್ಳಿಯ ಹಳಬರು, ಹೊಸ ಅಪಾರ್ಟ್‌ಮೆಂಟಿನವರು, ಪರಿಸರ ಬಲ್ಲವರು ಒಟ್ಟಿಗೆ ಕುಳಿತು ನಕ್ಷೆ ನೋಡಿದರು. ಕೆರೆಗೆ ನೀರು ಬಂತು, ಹಕ್ಕಿ ಬಂದವು. ಮೇಲಿನಿಂದ ಬರುವ ಕೊಳಚೆಯ ಕಾಟಕ್ಕೆ ಅಲ್ಲಿನವರು ಎಚ್ಚರ ತಪ್ಪುವಂತಿಲ್ಲ. ಕೆರೆ ಕಾಯುವುದು ಒಂದು ದಿನದ ಉದ್ಘಾಟನೆಯಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಮನೆ ಕೊಳ್ಳುವವರು ಸಹಿ ಹಾಕುವ ಮೊದಲು ಮೂರು ಕಾಗದ ಕೇಳಲಿ: ಗ್ರಾಮನಕ್ಷೆಯಲ್ಲಿ ಕೆರೆ ಮತ್ತು ರಾಜಕಾಲುವೆಯ ಗಡಿ, ಶುದ್ಧೀಕರಣ ಘಟಕದ ದಿನವಹಿ, ಶುದ್ಧವಾದ ನೀರನ್ನು ಎಲ್ಲಿ ಬಳಸುತ್ತಾರೆಂಬ ವಿವರ. ಈಗಾಗಲೇ ವಾಸವಿರುವವರು ಸಂಘದ ಸಭೆಯಲ್ಲಿ ಬ್ಲೋವರಿನ ವಿದ್ಯುತ್ತಿಗೆ ಹಣ ಕೊಡಲು ಕೈ ಎತ್ತಲಿ.

ಮಠಗಳಿಗೂ ಒಂದು ವಿನಂತಿ. ಗದಗಿನ ಲಿಂಗೈಕ್ಯ ತೋಂಟದ ಸಿದ್ಧಲಿಂಗ ಶ್ರೀಗಳು ಕಪ್ಪತಗುಡ್ಡಕ್ಕಾಗಿ ದನಿ ಎತ್ತಿದರು. ಸಿರಿಗೆರೆಯ ಶ್ರೀಗಳು ಬರದ ಸೀಮೆಯ ಕೆರೆಗಳಿಗೆ ನದಿಯ ನೀರು ತರಿಸಲು ಪಟ್ಟು ಹಿಡಿದರು. ರಾಜಧಾನಿಯ ನಮ್ಮ ಮಠಗಳು, ಬಸವ ಸಮಿತಿಗಳು, ಬಳಗಗಳು ಅದೇ ದಾರಿಯಲ್ಲಿ ಒಂದೊಂದು ಕೆರೆಯ ಹೊಣೆ ಹೊರಬಹುದು. ಅದಕ್ಕೂ ಮೊದಲು ಪ್ರಸಾದ ನಿಲಯದ, ವಿದ್ಯಾರ್ಥಿ ನಿಲಯದ, ಕಲ್ಯಾಣ ಮಂಟಪದ ನೀರು ಎಲ್ಲಿಗೆ ಹರಿಯುತ್ತದೆಂದು ತಾವೇ ಪರೀಕ್ಷೆ ಮಾಡಿಸಲಿ. ಊಟದ ಪ್ಲಾಸ್ಟಿಕ್ ಲೋಟ, ತಟ್ಟೆ ನಿಲ್ಲಲಿ. ಬರುವ ಶ್ರಾವಣದ ಪ್ರವಚನ ಮಾಲೆಯಲ್ಲಿ ಒಂದು ಸಂಜೆಯನ್ನು ಕೆರೆಯ ದಂಡೆಯ ಮೇಲೆ ಇಟ್ಟುಕೊಳ್ಳೋಣ. ಪ್ರವಚನ ಮುಗಿದ ಮೇಲೆ ಒಳಹರಿವಿನ ಕಾಲುವೆ ಹಿಡಿದು ಎಲ್ಲರೂ ಮೇಲಕ್ಕೆ ನಡೆಯೋಣ. ಕೊಳಚೆಯ ಕೊಳವೆ ಯಾವ ಗೇಟಿನಿಂದ ಬರುತ್ತಿದೆಯೋ ಅಲ್ಲಿ ನಿಂತು ಆ ಮನೆಯವರೊಡನೆ ಮಾತಾಡೋಣ. ಆ ಗೇಟು ನಮ್ಮವರದ್ದೇ ಆಗಿದ್ದರೆ ಮಾತು ಅಲ್ಲಿಂದಲೇ ಶುರುವಾಗಲಿ.