ಹಾಸಿಗೆ ಇದ್ದಷ್ಟು ಬಾಲ ಚಾಚೋಕಾಗಲ್ಲ

ಈ ಸೆಮಿಸ್ಟರ್‌ನಲ್ಲಿ ಕನಿಷ್ಠ ನಾಲ್ಕು ಜನ ನನ್ನ ಹತ್ರ ಒಂದೇ ಪ್ರಶ್ನೆ ಕೇಳಿದ್ದಾರೆ. "ಮಗಾ, ವಾಟರ್ ಡ್ರ್ಯಾಗನ್ ಎಷ್ಟಕ್ಕೆ ಸಿಗುತ್ತೆ?" ರೀಲ್ಸ್‌ನಲ್ಲಿ ಯಾರದೋ ಭುಜದ ಮೇಲೆ ಗಿಣಿಹಸಿರು ಬಣ್ಣದ ಓತಿ ಕೂತಿರುತ್ತೆ, ನೋಡೋಕೆ ಸಖತ್ತಾಗಿರುತ್ತೆ, ಒಪ್ಕೋತೀನಿ. ರೇಟ್ ಕೇಳ್ತಾರೆ, ಏನು ತಿನ್ನುತ್ತೆ ಕೇಳ್ತಾರೆ, ಕಚ್ಚುತ್ತಾ ಅಂತಾನೂ ಕೇಳ್ತಾರೆ. ಅದನ್ನ ಎಲ್ಲಿ ಇಡೋದು, ಎಷ್ಟು ದೊಡ್ಡ ಜಾಗ ಬೇಕು ಅಂತ ಒಬ್ಬರೂ ಕೇಳಿಲ್ಲ. ಇಂಜಿನಿಯರಿಂಗ್ ಓದ್ತಿರೋ ನಾವೇ ಸೈಜ್ ಕೇಳದೆ ಸಾಮಾನು ತಂದ್ರೆ ಹೇಗೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಪ್ರಾಣಿಗಿಂತ ಮೊದಲು ಗೂಡು ಬರಬೇಕು. ಆ ಗೂಡು ಮರಿಯ ಅಳತೆಗಲ್ಲ, ಪೂರ್ತಿ ಬೆಳೆದ ಪ್ರಾಣಿಯ ಅಳತೆಗೆ ಇರಬೇಕು. ಅಷ್ಟು ಜಾಗ ಇಲ್ಲ ಅಂದ್ರೆ ತರಲೇಬಾರದು. "ಈಗ ಚಿಕ್ಕ ಟ್ಯಾಂಕ್ ತಗೋ, ಆಮೇಲೆ ದೊಡ್ಡದು ಮಾಡಿದ್ರಾಯ್ತು" ಅನ್ನೋದು ಈ ವಿಷಯದಲ್ಲಿ ಸಿಗೋ ಅತಿ ಕೆಟ್ಟ ಸಲಹೆ. ಅದನ್ನೇ ಎಲ್ಲರೂ ಕೊಡ್ತಾರೆ.

ಹೆಸರಲ್ಲಿ ಡ್ರ್ಯಾಗನ್ ಇದ್ರೂ ಇದು ನಮ್ಮ ಬೇಲಿ ಮೇಲಿನ ಓತಿಕ್ಯಾತನ ನೆಂಟನೇ. ಎರಡೂ ಅಗಾಮಿಡೇ ಅನ್ನೋ ಒಂದೇ ಕುಟುಂಬಕ್ಕೆ ಸೇರಿದವು. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಎಲ್ಲರೂ ಕಾಡು ಮೇಡು ಅಲೆದು ಹುಡುಕೋ ಹಾರುವ ಓತಿಯೂ ಇದೇ ಕುಟುಂಬದ್ದು. ಹಾಗಾಗಿ ನಾನು ಇದನ್ನ ಇಲ್ಲಿ ನೀರೋತಿ ಅಂತ ಕರೀತೀನಿ. (ಸಂಘದ ಸೀನಿಯರ್‌ಗಳು ಇದಕ್ಕಿಂತ ಒಳ್ಳೆ ಹೆಸರು ಕೊಟ್ರೆ ಬದಲಾಯಿಸ್ತೀನಿ.) ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ, ದಕ್ಷಿಣ ಚೀನಾ ಇದರ ಊರು. ಹಳ್ಳ, ತೊರೆಗಳ ಪಕ್ಕದ ಮರದಲ್ಲಿ ವಾಸ. ಹೆದರಿಕೆ ಆದ್ರೆ ಕೊಂಬೆಯಿಂದ ಸೀದಾ ನೀರಿಗೆ ಧುಮುಕುತ್ತೆ. ಗೂಡು ಹೇಗಿರಬೇಕು ಅನ್ನೋದು ಈ ಒಂದು ವಾಕ್ಯದಲ್ಲೇ ಇದೆ. ಹತ್ತೋಕೆ ಎತ್ತರ ಬೇಕು, ಬೀಳೋಕೆ ನೀರು ಬೇಕು. ಮೀನು ಸಾಕೋ ಉದ್ದನೆಯ, ಗಿಡ್ಡನೆಯ ಟ್ಯಾಂಕ್ ಇದಕ್ಕೆ ಆಕಾರದಲ್ಲೇ ತಪ್ಪು, ಸೈಜ್ ಮಾತು ಆಮೇಲೆ.

ಈಗ ಲೆಕ್ಕ. ಮೊಟ್ಟೆಯಿಂದ ಬಂದಾಗ ಮರಿ ಬಾಲ ಸೇರಿ ಐದಾರು ಇಂಚು. ಬೆಳೆದ ಗಂಡು ಮೂರು ಅಡಿ ಮುಟ್ಟುತ್ತೆ, ಹೆಣ್ಣು ಸುಮಾರು ಎರಡು ಅಡಿ. ಅಂದ್ರೆ ಗಂಡಿನ ಉದ್ದ ಆರು ಪಟ್ಟಾಗುತ್ತೆ. ಉದ್ದ ಆರು ಪಟ್ಟಾದ್ರೆ ಗಾತ್ರ ಆರರ ಘನ, 216 ಪಟ್ಟು. ಅಂಗಡಿಯಲ್ಲಿ ಅಂಗೈ ಮೇಲೆ ಕೂರೋ ಮರಿ ನೋಡಿ ಟ್ಯಾಂಕ್ ತಗೊಳ್ಳೋದು, ಒಂದನೇ ಕ್ಲಾಸಿನ ಹುಡುಗನ ಅಳತೆಗೆ ಮದುವೆ ಸೂಟ್ ಹೊಲಿಸಿದ ಹಾಗೆ. ಆ ಮೂರು ಅಡಿಯಲ್ಲಿ ಎರಡು ಅಡಿ ಬರೀ ಬಾಲ ಅನ್ನೋದನ್ನೂ ನೆನಪಿಡಿ. ಒಂದು ಅಡಿ ಅಗಲದ ಗಾಜಿನ ಪೆಟ್ಟಿಗೆಯಲ್ಲಿ ಅದು ನೆಟ್ಟಗೆ ತಿರುಗೋಕೂ ಆಗಲ್ಲ.

ಒಂದು ಬೆಳೆದ ನೀರೋತಿಗೆ ಅನುಭವ ಇರೋರು ಸಾಮಾನ್ಯವಾಗಿ ಹೇಳೋ ಕನಿಷ್ಠ ಅಳತೆ 4 ಅಡಿ ಉದ್ದ, 2 ಅಡಿ ಆಳ, 5 ಅಡಿ ಎತ್ತರ. 4, 3, 6 ಆದ್ರೆ ಇನ್ನೂ ಒಳ್ಳೇದು. ಇಲ್ಲಿ ಮಾರೋ ಸಾಮಾನ್ಯ ಟ್ಯಾಂಕ್ 2 ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರ. ಅದು ಎರಡು ಘನ ಅಡಿ, 57 ಲೀಟರ್. ಪಿಜಿಯಲ್ಲಿ ಕುಡಿಯೋ ನೀರಿನ 20 ಲೀಟರ್ ಕ್ಯಾನ್ ಬರುತ್ತಲ್ಲ, ಅಂಥ ಮೂರು ಕ್ಯಾನ್‌ಗಿಂತ ಸ್ವಲ್ಪ ಕಡಿಮೆ. ಕನಿಷ್ಠ ಬೇಕಾಗಿರೋದು 40 ಘನ ಅಡಿ, ಅಂದ್ರೆ 1,130 ಲೀಟರ್. ತಾರಸಿ ಮೇಲಿನ ಸಾವಿರ ಲೀಟರ್ ಸಿಂಟೆಕ್ಸ್‌ಗಿಂತ ದೊಡ್ಡದು. ಒಳ್ಳೆಯ ಸೈಜ್ ಬೇಕಂದ್ರೆ ಎರಡು ಸಿಂಟೆಕ್ಸ್. ಮನೆಯಲ್ಲಿ ಗೋದ್ರೇಜ್ ಬೀರು ಇದ್ರೆ ಅದರ ಮುಂದೆ ನಿಂತು ನೋಡಿ. ಗೂಡು ಅದಕ್ಕಿಂತ ಒಂದು ಅಡಿ ಅಗಲ ಇರಬೇಕು.

ಇಷ್ಟು ಹೇಳಿದ ತಕ್ಷಣ ಬರೋ ಉತ್ತರ: "ಇಲ್ಲ ಗುರು, ಅದು ಟ್ಯಾಂಕ್ ಎಷ್ಟಿದ್ಯೋ ಅಷ್ಟೇ ಬೆಳೆಯುತ್ತೆ." ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ನಮ್ಮ ಪಾಕೆಟ್ ಮನಿಗೆ ಸರಿ. ಓತಿಯ ಮೂಳೆಗೆ ಆ ಗಾದೆ ಗೊತ್ತಿಲ್ಲ. ಅದು ಬೆಳೆದೇ ಬೆಳೆಯುತ್ತೆ. ಎಲ್ಲಾದ್ರೂ ಬೆಳೀಲಿಲ್ಲ ಅಂದ್ರೆ ಕ್ಯಾಲ್ಸಿಯಂ ಸಾಲದೆ, ಬೆಳಕು ಸಾಲದೆ, ಕಾಯಿಲೆ ಬಿದ್ದಿದೆ ಅಂತ ಅರ್ಥ. ಈ ಸುಳ್ಳು ಯಾಕೆ ಇಷ್ಟು ಗಟ್ಟಿ ಅಂದ್ರೆ, ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ. ಮರಿ ಮಾರೋರೇ ಟ್ಯಾಂಕ್ ಮಾರ್ತಾರೆ, ಟ್ಯಾಂಕ್ ಸರಿ ಅಂತ ಹೇಳೋರೂ ಅವರೇ.

ಯಡಿಯೂರು ಕೆರೆ ಹತ್ರದ ಒಂದು ರಸ್ತೆಯಲ್ಲಿ ನನ್ನ ಕ್ಲಾಸ್‌ಮೇಟ್ ಮನೆ ಇದೆ. ಎರಡನೇ ಮಹಡಿ, ಟೂ ಬಿಎಚ್‌ಕೆ, ಅಪ್ಪ ಅಮ್ಮ ಅಜ್ಜಿ ಇವನು. ಮನೆ ಬದಲಾಯಿಸಿದ ಸಂಬಂಧಿಕರೊಬ್ಬರು ಬಿಟ್ಟುಹೋದ ನೀರೋತಿ ಅವನ ಹತ್ರ ಇದೆ, ಎರಡು ಅಡಿ ಟ್ಯಾಂಕ್ ಸಮೇತ ಬಂದಿದ್ದು. ನಾನು ನೋಡಿದಾಗ ಅದರ ಮೂತಿಯ ತುದಿ ಕೆಂಪಗೆ ಸುಲಿದಿತ್ತು. ಈ ಪ್ರಾಣಿಗಳಿಗೆ ಗಾಜು ಅನ್ನೋದು ಅರ್ಥ ಆಗಲ್ಲ. ಆಚೆ ಕಾಣ್ತಿದೆ ಅಂದ್ರೆ ಆಚೆ ಹೋಗಬಹುದು ಅಂದ್ಕೊಂಡು ದಿನವಿಡೀ ಮೂತಿ ಉಜ್ಜುತ್ತೆ, ಹೆದರಿದಾಗ ಹಾರಿ ಗುದ್ದುತ್ತೆ. ಗಾಯ ಆಗುತ್ತೆ, ಸೋಂಕು ತಗಲುತ್ತೆ, ಬಿಟ್ರೆ ದವಡೆವರೆಗೂ ಹೋಗುತ್ತೆ. ಮುಲಾಮು ಹಚ್ಚಬಹುದು, ಆದ್ರೆ ಜಾಗ ಚಿಕ್ಕದಿರೋವರೆಗೂ ಅದು ಮತ್ತೆ ಉಜ್ಜುತ್ತೆ. ಗಾಜಿನ ಕೆಳಭಾಗಕ್ಕೆ ಒಳಗಿಂದ ಒಂದು ಅಡಿ ಎತ್ತರಕ್ಕೆ ಕಾಣದ ಹಾಗೆ ಪಟ್ಟಿ ಅಂಟಿಸೋದು, ಗಿಡ ಇಡೋದು ಸಹಾಯ ಮಾಡುತ್ತೆ. ಅಜ್ಜಿ ಅದನ್ನ ನೋಡಿ "ಪಾಪ, ಅದಕ್ಕೆ ಅಲ್ಲಿ ಉಸಿರು ಕಟ್ತಿದೆ ಕಣೋ" ಅಂತ ಮೊದಲ ದಿನವೇ ಹೇಳಿದ್ರಂತೆ. ಗೂಗಲ್ ಮಾಡಿದ ನಮಗಿಂತ ಅವರಿಗೆ ಬೇಗ ಗೊತ್ತಾಯ್ತು.

ಗೂಡು ಮಾಡಿಸೋದು ರಾಕೆಟ್ ಸೈನ್ಸ್ ಅಲ್ಲ. ಪ್ಲೈವುಡ್ ಹಾಳೆ 8×4 ಅಡಿ ಬರುತ್ತೆ. ಮೊದಲ ಹಾಳೆಯಲ್ಲಿ 5×4ರ ಹಿಂಬದಿ, 4×2ರ ಮೇಲ್ಭಾಗ. ಎರಡನೇ ಹಾಳೆಯಲ್ಲಿ 5×2ರ ಎರಡು ಪಕ್ಕ, 4×2ರ ತಳ. ಎರಡೇ ಹಾಳೆಯಲ್ಲಿ ಪೆಟ್ಟಿಗೆ ಮುಗೀತು, ಒಂದೊಂದರಲ್ಲೂ 4×1ರ ತುಂಡು ಉಳಿಯುತ್ತೆ, ಅದು ಒಳಗೆ ಕೂರೋಕೆ ಶೆಲ್ಫ್. ಮುಂಭಾಗಕ್ಕೆ ಗಾಜಿನ ಬಾಗಿಲು, ಮೇಲೆ ಗಾಳಿ ಆಡೋಕೆ ಕತ್ತರಿಸಿ ಜಾಲರಿ. ಒಳಗೆ ಯಾವಾಗಲೂ ತೇವ ಇರೋದ್ರಿಂದ ಮಾಮೂಲಿ ಪ್ಲೈ ಆರು ತಿಂಗಳಲ್ಲಿ ಹಪ್ಪಳದ ಹಾಗೆ ಉಬ್ಬುತ್ತೆ. ಮೆರೈನ್ ಪ್ಲೈ ಬೇಕು, ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಬೇಕು, ಅದರ ವಾಸನೆ ಪೂರ್ತಿ ಹೋಗೋವರೆಗೂ ಪ್ರಾಣಿ ಒಳಗೆ ಹೋಗಬಾರದು.

ತೂಕ ನೋಡಿ. 19 ಎಂಎಂ ಪ್ಲೈ ಸುಮಾರು 65 ಕೆಜಿ, ಗಾಜು ಇಪ್ಪತ್ತು ಚಿಲ್ಲರೆ, ನೀರಿನ ಟಬ್‌ನಲ್ಲಿ 40 ಲೀಟರ್ ಅಂದ್ರೆ 40 ಕೆಜಿ, ಮಣ್ಣು ಕೊಂಬೆ ಎಲ್ಲ ಸೇರಿ ನೂರೈವತ್ತರ ಹತ್ರ. ಸಿವಿಲ್‌ನವರಿಗೆ ಗೊತ್ತಿರುತ್ತೆ, ಐಎಸ್ 875ರ ಎರಡನೇ ಭಾಗದಲ್ಲಿ ಮನೆಯ ರೂಮಿಗೆ ಲೈವ್ ಲೋಡ್ ಚದರ ಮೀಟರ್‌ಗೆ 2 ಕಿಲೋನ್ಯೂಟನ್, ಹತ್ತಿರ ಹತ್ತಿರ 200 ಕೆಜಿ. ಗೂಡಿನ ಕೆಳಗಿರೋದು ಮುಕ್ಕಾಲು ಚದರ ಮೀಟರ್. ಲೆಕ್ಕ ಸರಿಯಾಗಿ ಅಂಚಿಗೆ ಬಂದು ನಿಲ್ಲುತ್ತೆ. ಸ್ಲ್ಯಾಬ್ ಏನೂ ಬೀಳಲ್ಲ, ಆದ್ರೆ ರೂಮಿನ ಮಧ್ಯೆ ಬೇಡ, ಗೋಡೆ ಪಕ್ಕ ಇಡಿ.

ನೀರಿನ ಟಬ್‌ನಲ್ಲಿ ಅದು ಮುಳುಗೋ ಹಾಗಿರಬೇಕು, ಸುಲಭವಾಗಿ ಹತ್ತಿ ಬರೋ ಹಾಗೂ ಇರಬೇಕು. ಕಕ್ಕಸ್ಸೂ ಅದಕ್ಕೆ ಅಲ್ಲೇ, ಹಾಗಾಗಿ ನೀರು ದಿನಾ ಬದಲಾಯಿಸಬೇಕು. ದಿನಕ್ಕೆ 40 ಲೀಟರ್. 2024ರ ಮಾರ್ಚ್ ನೆನಪಿದೆ ತಾನೇ? ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ ಜಲಮಂಡಳಿ 5,000 ರೂಪಾಯಿ ದಂಡ ಅಂದಿತ್ತು. ಆ ಬೇಸಿಗೆಯಲ್ಲಿ ನಿಮ್ಮ ಪಿಜಿ ಓನರ್ ಹತ್ರ ಹೋಗಿ "ಆಂಟಿ, ಓತಿಗೆ ಎರಡು ಬಕೆಟ್" ಅಂತ ಕೇಳೋ ಧೈರ್ಯ ಇದ್ಯಾ ಯೋಚಿಸಿ.

ಬಿಸಿ, ಬೆಳಕಿನ ವಿಷಯಕ್ಕೂ ಎತ್ತರವೇ ಮುಖ್ಯ. ಮೇಲ್ಗಡೆ ಬಿಸಿಲು ಕಾಯೋ ಜಾಗದಲ್ಲಿ 32ರಿಂದ 35 ಡಿಗ್ರಿ, ಕೆಳಗೆ 25ರ ಆಸುಪಾಸು ಇರಬೇಕು. ತನಗೆ ಬೇಕಾದ ಬಿಸಿಯನ್ನ ಅದು ಹತ್ತಿ ಇಳಿದು ಆರಿಸ್ಕೊಳ್ಳುತ್ತೆ. ಒಂದು ಅಡಿ ಎತ್ತರದ ಪೆಟ್ಟಿಗೆಯಲ್ಲಿ ಈ ವ್ಯತ್ಯಾಸ ತರೋದು ಹೇಗೆ? ಇಡೀ ಪೆಟ್ಟಿಗೆಯೇ ಓವನ್ ಆಗುತ್ತೆ, ಇಲ್ಲಾಂದ್ರೆ ಇಡೀ ಪೆಟ್ಟಿಗೆಯೇ ತಣ್ಣಗಿರುತ್ತೆ. ನಮ್ಮ ಡಿಸೆಂಬರ್ ರಾತ್ರಿಯ 15-16 ಡಿಗ್ರಿ ಅದಕ್ಕೆ ತುಂಬಾ ಚಳಿ. ಗಾಳಿಯ ತೇವಾಂಶ ಶೇಕಡ 60ರಿಂದ 80 ಬೇಕು, ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ನಮ್ಮ ತುಟಿಯೇ ಒಡೆಯುತ್ತೆ. ಕಿಟಕಿ ಪಕ್ಕ ಇಟ್ರೆ ಬಿಸಿಲು ಸಿಕ್ಕಿತು ಅಂದ್ಕೋಬೇಡಿ. ಮೂಳೆಗೆ ಬೇಕಾದ ಯುವಿ-ಬಿ ಕಿರಣವನ್ನ ಕಿಟಕಿಯ ಗಾಜು ತಡೆಯುತ್ತೆ, ಅದಕ್ಕೆ ಬೇರೆ ಟ್ಯೂಬ್ ಬೇಕು. ಬಲ್ಬ್ 100 ವ್ಯಾಟ್, ಟ್ಯೂಬ್ 40 ವ್ಯಾಟ್, ದಿನಕ್ಕೆ ಹನ್ನೆರಡು ಗಂಟೆ ಅಂದ್ರೆ ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿ ಫ್ರೀ ಅಂತ ಇರೋದು ಮನೆಯ ಹಳೇ ಸರಾಸರಿ ಮೇಲೆ ಸ್ವಲ್ಪ ಮಾತ್ರ. ಉಳಿದಿದ್ದು ಬಿಲ್ಲಲ್ಲಿ ಬರುತ್ತೆ, ಬಿಲ್ ಅಪ್ಪನ ಕೈಗೆ ಹೋಗುತ್ತೆ.

ಒಂದು ಆಕ್ಷೇಪಣೆಯಲ್ಲಿ ನಿಜ ಇದೆ. ಐದು ಇಂಚಿನ ಮರಿಯನ್ನ ಐದು ಅಡಿ ಗೂಡಿಗೆ ಬಿಟ್ರೆ ಅದಕ್ಕೆ ಹುಳ ಹಿಡಿಯೋದು ಕಷ್ಟ, ನಮಗೆ ಅದನ್ನ ಹುಡುಕೋದು ಕಷ್ಟ. ಸರಿ, ಮೊದಲ ಕೆಲವು ತಿಂಗಳು ಚಿಕ್ಕ ಟ್ಯಾಂಕ್ ಇರಲಿ. ಆದ್ರೆ ದೊಡ್ಡದು ಆಗಲೇ ಪಕ್ಕದಲ್ಲಿ ರೆಡಿ ಇರಬೇಕು. ಯಾಕಂದ್ರೆ "ಆಮೇಲೆ" ಅನ್ನೋದು ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಬ್ಯಾಕ್‌ಲಾಗ್ ಮಧ್ಯೆ ಬರೋದೇ ಇಲ್ಲ. ಇದು ಹತ್ತು ಹದಿನೈದು ವರ್ಷ ಬದುಕೋ ಪ್ರಾಣಿ. ನಮ್ಮ ಬಿಇ ಮುಗಿದು, ಕೆಲಸ ಸಿಕ್ಕಿ, ಪುಣೆಗೋ ಹೈದರಾಬಾದ್‌ಗೋ ಪೋಸ್ಟಿಂಗ್ ಆದ ಮೇಲೂ ಅದು ಇರುತ್ತೆ. ಆ ಹೊತ್ತಿಗೆ ಯಡಿಯೂರಿನ ಯಾವುದೋ ಹಾಲ್‌ನಲ್ಲಿ ಅಮ್ಮ ಒಬ್ಬರೇ ಟಬ್ ತೊಳೀತಿರ್ತಾರೆ.

ಕಾನೂನಿನ ಮಾತನ್ನ ಚಿಕ್ಕದಾಗಿ ಹೇಳ್ತೀನಿ, ಆದ್ರೆ ಇದು ಚಿಕ್ಕ ವಿಷಯ ಅಲ್ಲ. 2022ರ ನವೆಂಬರ್‌ನಲ್ಲಿ ಪನಾಮದಲ್ಲಿ ನಡೆದ ಸೈಟಿಸ್ ಸಭೆಯಲ್ಲಿ ಈ ನೀರೋತಿಯನ್ನ ಅನುಬಂಧ 2ಕ್ಕೆ ಸೇರಿಸಿದರು. ಅಂದ್ರೆ ದೇಶದಿಂದ ದೇಶಕ್ಕೆ ಪರವಾನಗಿ ಇಲ್ಲದೆ ಸಾಗಿಸೋ ಹಾಗಿಲ್ಲ. ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿ ಇಟ್ಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅನ್ನೋ ನಿಯಮ 2024ರ ಫೆಬ್ರವರಿಯಲ್ಲಿ ಬಂತು. ಕಾಗದ ಇಲ್ಲದೆ "ಬ್ರೋ, ಡೆಲಿವರಿ ಆಗುತ್ತೆ" ಅನ್ನೋರ ಹತ್ರ ತಗೊಂಡ್ರೆ ಆ ಮರಿಯ ಮೊದಲ ಗೂಡು ಸೂಟ್‌ಕೇಸ್ ಆಗಿರಬಹುದು. 2023ರ ಆಗಸ್ಟ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಬ್ಯಾಂಕಾಕ್‌ನಿಂದ ಬಂದ ಒಬ್ಬ ಪ್ರಯಾಣಿಕನ ಲಗೇಜ್‌ನಲ್ಲಿ 234 ಪ್ರಾಣಿಗಳು ಸಿಕ್ಕವು. ಹೆಬ್ಬಾವು, ಇಗುವಾನಾ, ಗೋಸುಂಬೆ, ಆಮೆ. ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. ಎರಡು ಅಡಿ ಟ್ಯಾಂಕ್ ಸಾಕು ಅನ್ನೋ ಯೋಚನೆಗೂ ಆ ಡಬ್ಬಿಗೂ ದೂರ ಬಹಳ ಇಲ್ಲ ಅಂತ ನನಗನ್ನಿಸುತ್ತೆ.

ಸಾಕೋಕೆ ಆಗ್ತಿಲ್ಲ ಅಂತ ಯಡಿಯೂರು ಕೆರೆಗೋ ಲಾಲ್‌ಬಾಗ್ ಕೆರೆಗೋ ಬಿಡೋ ಯೋಚನೆ ಮಾತ್ರ ಬೇಡ. ಬದುಕಿದ್ರೆ ನಮ್ಮ ಕೆರೆಯ ಜೀವಿಗಳಿಗೆ ತೊಂದರೆ, ಬದುಕದಿದ್ರೆ ಚಳಿಗೋ ಹದ್ದಿಗೋ ಬಲಿ. ಜಾಗ ಇರೋ, ಕಾಗದ ಮಾಡಿಸೋ ಒಬ್ಬರನ್ನ ಹುಡುಕಿ ಕೊಡಿ.

ಈಗಾಗಲೇ ಮನೆಯಲ್ಲಿ ಒಂದು ಇದೆ, ಗೂಡು ಚಿಕ್ಕದು ಅನ್ನೋರು ಬುಧವಾರ ಕ್ಲಬ್ ಮೀಟಿಂಗ್‌ಗೆ ಬನ್ನಿ. ಯಡಿಯೂರು ಮನೆಗೆ ಅಂತ ನಾನು ಬರೆದ ಕಟಿಂಗ್ ಡ್ರಾಯಿಂಗ್ ಇದೆ, ಬಡಗಿಗೆ ಅರ್ಥ ಆಗೋ ಹಾಗೆ ಅಡಿ ಇಂಚಲ್ಲೇ ಇದೆ. ಟೇಪ್ ತಂದ್ರೆ ಸಾಕು, ನಿಮ್ಮ ಗೋಡೆ ಅಳತೆಗೆ ತಿದ್ದಿ ಕೊಡ್ತೀನಿ.