ನಾಬ್ ಮುರಿದರೆ ನಾಬ್ ಕೊಡಿ, ಪೂರ್ತಿ ಸೆಟ್ ಯಾಕೆ?

ಇವತ್ತು ಟಮೋಟ ರೇಟಿನ ವಿಷಯ ಅಲ್ಲ, ಊಜಿ ನೊಣದ ವಿಷಯಾನೂ ಅಲ್ಲ. ಕಾರಿನ ಗೇರ್ ನಾಬ್ ವಿಷಯ. ನಗಬೇಡಿ, ಪೂರ್ತಿ ಓದಿ. ಬೆಂಗಳೂರಲ್ಲಿ ಕೆಲಸ ಮಾಡೋ ಮಕ್ಕಳು ಹೊಸ ಗಾಡಿ ತಗೊಂಡಾಗ ಹಳೇದನ್ನ ಊರಿಗೆ ತಂದು ಬಿಡ್ತಾರೆ. ಹಂಗಾಗಿ ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರು ನಮ್ಮ ಕುರುಡುಮಲೆ ಕಡೆ ಮನೆಗಳ ಮುಂದೇನೂ ಕಾಣ್ತಾ ಇವೆ. ನಮ್ಮ ಮನೇಲಿ ಇರೋದೂ ಅಂಥದ್ದೇ, ಹಳೇ ಗಾಡಿ.

ಹೋದ ತಿಂಗಳು ಅದು ಪಿ ಬಿಟ್ಟು ಕದಲಲೇ ಇಲ್ಲ. ಪಿ ಅಂದರೆ ಪಾರ್ಕಿಂಗ್. ಇಂಜಿನ್ ಸ್ಟಾರ್ಟ್ ಆಗುತ್ತೆ, ಗೇರ್ ಬೀಳಲ್ಲ. ಅವತ್ತೇ ನಮ್ಮ ಮನೆಯವರನ್ನ ಕೋಲಾರಕ್ಕೆ ಡಾಕ್ಟರ್ ಹತ್ರ ತೋರಿಸಬೇಕಿತ್ತು. ಮಂಡಿ ನೋವಿರೋ ಮನುಷ್ಯಳನ್ನ ಮುಳಬಾಗಿಲಿಗೆ ಬಂದು ಬಸ್ಸು ಹತ್ತಿಸಿದೆ. ಶೋರೂಮಿಗೆ ಫೋನ್ ಮಾಡಿದರೆ, "ಟೋ ಮಾಡಿ ತನ್ನಿ ಸಾರ್, ಇಡೀ ಲಿವರ್ ಸೆಟ್ ಹಾಕಬೇಕಾಗುತ್ತೆ, ಹದಿನಾರು ಸಾವಿರ ಚಿಲ್ಲರೆ" ಅಂದರು. ಬರೀ ನಾಬ್ ಕೊಡಿ ಅಂದೆ. ಅದು ಬಿಡಿಯಾಗಿ ಬರಲ್ಲವಂತೆ. ನಮ್ಮ ಕಡೆ ಮೆಕಾನಿಕ್ ಹುಡುಗ ಬಂದು ನೋಡಿ, "ಅಣ್ಣಾ, ಲಾಕೇ ತೆಗೆದುಬಿಡ್ತೀನಿ, ಇನ್ನೂರು ರೂಪಾಯಿ ಕೊಡಿ ಸಾಕು" ಅಂದ.

ಒಬ್ಬರು ಹದಿನಾರು ಸಾವಿರ, ಒಬ್ಬ ಇನ್ನೂರು. ನನ್ನ ಪ್ರಕಾರ ಎರಡೂ ಸರಿ ಇಲ್ಲ.

ಮೊದಲು ಒಳಗೆ ಏನಿದೆ ಅಂತ ತಿಳ್ಕೊಳ್ಳೋಣ. ಪಿ ಹಾಕಿದಾಗ ಗೇರ್ ಬಾಕ್ಸ್ ಒಳಗೆ ಒಂದು ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡು ಗಾಡಿ ಹಿಡಿಯುತ್ತೆ. ಆ ಜಾಗದಿಂದ ಲಿವರ್ ಎಳೀಬೇಕಾದರೆ ಎರಡು ಕೆಲಸ ಆಗಬೇಕು. ಬ್ರೇಕ್ ತುಳಿದಾಗ ಕರೆಂಟ್ ಹೋಗಿ ಲಿವರ್ ಬುಡದಲ್ಲಿರೋ ಸೊಲೆನಾಯ್ಡ್ ಬಿಡಬೇಕು. ಆಮೇಲೆ ನಾಬಿನ ಪಕ್ಕದ ಬಟನ್ ಒತ್ತಿದಾಗ ಒಳಗಿನ ಪ್ಲಾಸ್ಟಿಕ್ ತುಂಡು ಒಂದು ಕಡ್ಡಿಯನ್ನ ಕೆಳಕ್ಕೆ ತಳ್ಳಿ, ಪಿನ್ನನ್ನ ಕಚ್ಚಿನಿಂದ ಬಿಡಿಸಬೇಕು. ಆ ಪ್ಲಾಸ್ಟಿಕ್ ತುಂಡು ಹೆಬ್ಬೆರಳ ಉಗುರಿನಷ್ಟಿದೆ. ನಮ್ಮ ಗಾಡೀಲಿ ಬಿರುಕು ಬಿಟ್ಟಿದ್ದು ಅದೊಂದೇ.

ಹಂಗಂತ ಗೇರ್ ಬರದೇ ಇದ್ದರೆ ಎಲ್ಲಾ ನಾಬಿಂದೇ ತಪ್ಪು ಅಂದ್ಕೋಬೇಡಿ. ಕೀ ಆನ್ ಮಾಡಿ ಬ್ರೇಕ್ ತುಳೀರಿ, ಹಿಂದೆ ಒಬ್ಬರನ್ನ ನಿಲ್ಲಿಸಿ ನೋಡ್ಸಿ. ಬ್ರೇಕ್ ಲೈಟ್ ಹತ್ತದೇ ಇದ್ದರೆ ಬ್ರೇಕ್ ಸ್ವಿಚ್ಚೋ ಫ್ಯೂಸೋ ಹೋಗಿರಬಹುದು, ನಾಬ್ ಬಿಚ್ಚೋದೇ ಬೇಡ. ಲೈಟ್ ಹತ್ತಿ, ಲಿವರ್ ಹತ್ರ ಟಿಕ್ ಅಂತ ಸದ್ದೂ ಬಂದು, ಬಟನ್ ಮಾತ್ರ ಸಡಿಲವಾಗಿ ಒಳಕ್ಕೆ ಹೋಗ್ತಾ ಇದ್ದರೆ ಆಗ ನಾಬ್ ಮೇಲೆ ಅನುಮಾನ ಪಡಿ. ಸುಮಾರು ಗಾಡೀಲಿ ಲಿವರ್ ಪಕ್ಕ ಒಂದು ಚಿಕ್ಕ ಮುಚ್ಚಳ ಇರುತ್ತೆ, ಅದರ ಕೆಳಗೆ ಒತ್ತಿದರೆ ಸೊಲೆನಾಯ್ಡ್ ಲಾಕ್ ಬಿಡುತ್ತೆ. ಅದು ಬ್ರೇಕ್ ಸ್ವಿಚ್ ಕೆಟ್ಟಾಗ ಕೈ ಹಿಡಿಯುತ್ತೆ. ನಾಬ್ ಒಳಗೇ ಮುರಿದಿದ್ದರೆ ಅದರಿಂದ ಉಪಯೋಗ ಇಲ್ಲ, ಕಡ್ಡಿ ಕೆಳಕ್ಕೆ ಹೋಗಲೇಬೇಕಲ್ಲ.

ಇನ್ನೊಂದು ಮಾತು. ಇದು ಪಿ ಇರೋ ಗಾಡಿಗೆ. 2014ರಿಂದ ನಮ್ಮ ದೇಶದಲ್ಲಿ ಬಂದ ಎಎಂಟಿ ಕಾರುಗಳದ್ದು ಬೇರೆ ಲೆಕ್ಕ. ಅದರಲ್ಲಿ ಸಾಮಾನ್ಯವಾಗಿ ಪಿ ಇರಲ್ಲ, ಲಿವರ್ ಬರೀ ಕಂಪ್ಯೂಟರಿಗೆ ಸಿಗ್ನಲ್ ಕೊಡುತ್ತೆ. ಗುಂಡಗೆ ತಿರುಗಿಸೋ ನಾಬ್ ಇರೋ ಹೊಸ ಗಾಡಿಗಳನ್ನೂ ಸ್ಕ್ರೂಡ್ರೈವರ್ ಹಾಕಿ ಕೆದಕೋಕೆ ಹೋಗಬೇಡಿ.

ನಾವು ಮಾಡಿದ್ದು ಇಷ್ಟು. ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟು, ನಾಬಿನ ಕೆಳಗಿನ ಎರಡು ಸ್ಕ್ರೂ ಬಿಚ್ಚಿ ಮೇಲಕ್ಕೆತ್ತಿದೆವು. ಕೆಲವು ಗಾಡೀಲಿ ಕ್ಲಿಪ್ ಇರುತ್ತೆ, ಸಿಟ್ಟಿನಿಂದ ಎಳೆದರೆ ನಾಬ್ ಬಂದು ಮೂತಿಗೆ ಹೊಡೆಯುತ್ತೆ. ಮುರಿದ ತುಂಡಿಗೆ ಫೆವಿಕ್ವಿಕ್ ಹಾಕೋಣ ಅಂದ ಹುಡುಗ. ಬೇಡ ಅಂದೆ. ದಿನಕ್ಕೆ ಇಪ್ಪತ್ತು ಸಲ ಹೆಬ್ಬೆರಳ ಒತ್ತಡ ಬೀಳೋ ಜಾಗ, ಅಂಟು ಎಷ್ಟು ದಿನ ತಡೆಯುತ್ತೆ? ಮುಳಬಾಗಿಲಲ್ಲಿ ನಮ್ಮ ಪಂಪುಗಳಿಗೆ ಬುಷ್ ಮಾಡಿಕೊಡೋ ಲೇತ್ ಅಂಗಡಿಗೆ ತಗೊಂಡು ಹೋದೆ. ಅವರು ಮುರಿದ ತುಂಡನ್ನ ಅಳತೆಗೆ ಇಟ್ಕೊಂಡು ಹಿತ್ತಾಳೇಲಿ ಅದೇ ಥರದ್ದು ಕತ್ತರಿಸಿ, ಅರದಲ್ಲಿ ಉಜ್ಜಿ ಕೊಟ್ಟರು. ಮುನ್ನೂರೈವತ್ತು ರೂಪಾಯಿ. ಹಾಕಿದ ಮೇಲೆ ಬ್ರೇಕ್ ತುಳಿಯದೆ ಎಳೆದು ನೋಡಿದ್ವಿ, ಬರಲಿಲ್ಲ. ಬಟನ್ ಒತ್ತದೆ ಎಳೆದು ನೋಡಿದ್ವಿ, ಬರಲಿಲ್ಲ. ಎರಡೂ ಬರಬಾರದು, ಅದೇ ಪರೀಕ್ಷೆ.

ಇನ್ನೂರು ರೂಪಾಯಿಗೆ ಲಾಕ್ ತೆಗೆಸಿದ್ದರೆ ಆ ಎರಡೂ ಬರ್ತಾ ಇದ್ದವು. ಸಂಕಷ್ಟಿ ದಿನ ನಮ್ಮ ಗಣೇಶನ ಗುಡಿ ಹತ್ರ ಗಾಡಿ ನಿಲ್ಲಿಸಿ, ಮಕ್ಕಳನ್ನ ಒಳಗೇ ಬಿಟ್ಟು ಹಣ್ಣುಕಾಯಿ ತರೋಕೆ ಹೋಗೋರು ಇದ್ದಾರೆ. ಮಗು ಆಟಕ್ಕೆ ಲಿವರ್ ಎಳೆದರೆ ಗಾಡಿ ಇಳಿಜಾರಲ್ಲಿ ಜನದ ಮೇಲೆ ಹೋಗುತ್ತೆ. ನಮ್ಮ ಹುಡುಗರಿಗೆ ಕೈಚಳಕ ಇದೆ, ಒಪ್ತೀನಿ. ಆದರೆ ಲಾಕ್ ತೆಗೆಯೋದು ರಿಪೇರಿ ಅಲ್ಲ.

ಈಗ ಶೋರೂಮಿನ ಕಡೆ ಬರೋಣ. ನಮ್ಮ ಬೋರ್‌ವೆಲ್ ಸ್ಟಾರ್ಟರಿನ ಹಸಿರು ಬಟನ್ ಮುರಿದರೆ ಬಟನ್ ತಂದು ಹಾಕ್ತೀವಿ. ಮೋಟಾರ್ ಸುಟ್ಟರೆ ರೀವೈಂಡಿಂಗ್ ಮಾಡಿಸ್ತೀವಿ. ಬಟನ್ ಮುರೀತು, ಪ್ಯಾನೆಲ್ ಬೋರ್ಡೇ ಬದಲಾಯಿಸಿ ಅಂತ ಹೇಳೋ ಅಂಗಡಿಗೆ ನಾವು ಎರಡನೇ ಸಲ ಹೋಗ್ತೀವಾ? ಕಾರು ಅಂದ ತಕ್ಷಣ ಮಾತ್ರ ಯಾಕೆ ಬಾಯಿ ಮುಚ್ಕೊಂಡು ದುಡ್ಡು ಕಟ್ಟಬೇಕು?

ಇದು ನನ್ನೊಬ್ಬನ ಗೋಳಲ್ಲ. ಬಿಡಿಭಾಗಗಳನ್ನ, ಪರೀಕ್ಷೆ ಮಾಡೋ ಉಪಕರಣಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ಕಾರು, ಮೊಬೈಲು, ಮನೆ ಸಾಮಾನಿನ ಜೊತೆ ಕೃಷಿ ಯಂತ್ರಗಳೂ ಇವೆ. ನಾವು ನೋಡಬೇಕಾದ್ದು ಅಲ್ಲೇ. ಇವತ್ತು ಟ್ರ್ಯಾಕ್ಟರಿನ ಗೇರ್ ಗುಂಡು ಹೋದರೆ ಪೇಟೇಲಿ ತಂದು ತಿರುಗಿಸಿ ಹಾಕ್ಕೊಂಡು ಸಾಯಂಕಾಲ ಉಳುಮೆಗೆ ಇಳೀತೀವಿ. ನಾಳೆ ಅದಕ್ಕೂ ಇಂಥದೇ ಬಟನ್ನು, ಸೆನ್ಸಾರ್ ಬಂದು, ಸೆಟ್ ಬದಲಾಯಿಸದೆ ಆಗಲ್ಲ ಅಂದರೆ ಹದ ತಪ್ಪೋದು ನಮ್ಮ ಹೊಲದ್ದು.

ಬಿಡಿಭಾಗ ಕೊಡಲ್ಲ ಅಂದರೆ ಪಾರ್ಟ್ ನಂಬರ್ ಕೇಳಿ, ಎಸ್ಟಿಮೇಟನ್ನ ಕಾಗದದಲ್ಲಿ ಬರೆಸ್ಕೊಳ್ಳಿ. ಗ್ರಾಹಕರ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ನಾನು ಆ ಶೋರೂಮಿನವರಿಗೆ, "ನಾಬ್ ಬಿಡಿಯಾಗಿ ಮಾರಲ್ಲ ಅಂತ ಒಂದು ಚೀಟೀಲಿ ಬರೆದು ಸೀಲ್ ಹಾಕಿ ಕೊಡಿ" ಅಂತ ಕೇಳಿದ್ದೀನಿ. ಇನ್ನೂ ಕೊಟ್ಟಿಲ್ಲ. ಸೋಮವಾರ ಮಂಡಿಗೆ ಹೋದಾಗ ಮತ್ತೆ ಹೋಗ್ತೀನಿ. ಜೊತೆಗೆ ಬರೋರು ಬೆಳಿಗ್ಗೆ ಎಂಟರ ಒಳಗೆ ಫೋನ್ ಮಾಡಿ, ಗಾಡೀಲಿ ಇನ್ನು ಮೂರು ಜನಕ್ಕೆ ಜಾಗ ಇದೆ.